ಶಾಲಾ ಮಕ್ಕಳ ನಡುವಿನ ಕಿರುಕುಳ (ಚಿಕ್ಕಮಗಳೂರು ಕಾಫಿ ಸೀಮೆ)

ಶಾಲಾ ಮಕ್ಕಳ ನಡುವಿನ ಕಿರುಕುಳ ಎಂದರೆ ಬಲ, ವಯಸ್ಸು, ಸಂಖ್ಯೆ ಅಥವಾ ಸ್ಥಾನಮಾನದಲ್ಲಿ ಮೇಲುಗೈ ಇರುವ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿಗಳ ಗುಂಪು, ತನ್ನನ್ನು ಸುಲಭವಾಗಿ ಕಾಪಾಡಿಕೊಳ್ಳಲಾಗದ ಇನ್ನೊಂದು ಮಗುವನ್ನು ಬೇಕೆಂದೇ ಮತ್ತೆ ಮತ್ತೆ ನೋಯಿಸುವ ವರ್ತನೆ. ಇದು ಹೊಡೆತ, ಬೈಗುಳ, ಗೇಲಿ, ವಸ್ತುಗಳ ಕಸಿತ, ಗುಂಪಿನಿಂದ ಹೊರಗಿಡುವುದು, ಮೊಬೈಲ್ ಮೂಲಕ ಅವಮಾನಿಸುವುದು ಮುಂತಾದ ಹಲವು ರೂಪಗಳಲ್ಲಿ ಕಂಡುಬರುತ್ತದೆ. ಇದು ಎಲ್ಲ ದೇಶಗಳ ಶಾಲೆಗಳಲ್ಲಿಯೂ ಇರುವ ಸಮಸ್ಯೆಯಾಗಿದ್ದರೂ ಅದು ಯಾವ ಮಗುವಿನ ಮೇಲೆ, ಯಾವ ಸ್ಥಳದಲ್ಲಿ, ಯಾವ ನೆಪದಿಂದ ನಡೆಯುತ್ತದೆ ಎಂಬುದನ್ನು ಆಯಾ ಊರಿನ ಬದುಕು ನಿರ್ಧರಿಸುತ್ತದೆ. ಪ್ರಸ್ತುತ ಲೇಖನವು ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಯುವ ಭಾಗಗಳನ್ನು, ಮುಖ್ಯವಾಗಿ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳನ್ನು ಗಮನದಲ್ಲಿಟ್ಟುಕೊಂಡು, ಕಿರುಕುಳವನ್ನು ಗುರುತಿಸುವ ಮತ್ತು ಅದಕ್ಕೆ ಪ್ರತಿಕ್ರಿಯಿಸುವ ಕ್ರಮಗಳನ್ನು ವಿವರಿಸುತ್ತದೆ.

ಪದಬಳಕೆ ಮತ್ತು ವ್ಯಾಖ್ಯೆ

ಇಂಗ್ಲಿಷಿನ ಬುಲ್ಲಿಯಿಂಗ್ ಎಂಬ ಪದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದೇ ಪದವಿಲ್ಲ. ಕಿರುಕುಳ, ಪೀಡನೆ, ಬೆದರಿಸುವಿಕೆ, ಪುಂಡಾಟಿಕೆ, ದಬ್ಬಾಳಿಕೆ ಎಂಬ ಪದಗಳು ಬಳಕೆಯಲ್ಲಿವೆ. ಆಡುಮಾತಿನಲ್ಲಿ ಕಾಟ ಕೊಡುವುದು, ರೇಗಿಸುವುದು, ಚುಡಾಯಿಸುವುದು, ಗೋಳು ಹೊಯ್ದುಕೊಳ್ಳುವುದು ಎನ್ನುತ್ತಾರೆ. ಒಂದು ಮಗುವಿನೊಡನೆ ಮಾತು ನಿಲ್ಲಿಸುವುದನ್ನು ಮಕ್ಕಳ ಭಾಷೆಯಲ್ಲಿ ಟೂ ಬಿಡುವುದು ಎನ್ನಲಾಗುತ್ತದೆ. ಈ ಮಾತುಗಳಲ್ಲಿ ಹಲವು ತಮಾಷೆ ಮತ್ತು ಹಿಂಸೆ ಎರಡಕ್ಕೂ ಅನ್ವಯವಾಗುವುದರಿಂದ, ನಡೆದದ್ದು ಯಾವುದು ಎಂಬುದು ಹಿರಿಯರಿಗೆ ಕೂಡಲೇ ತಿಳಿಯದೇ ಹೋಗುತ್ತದೆ.

ಸಾಮಾನ್ಯವಾಗಿ ಮೂರು ಲಕ್ಷಣಗಳು ಕೂಡಿದಾಗ ಒಂದು ವರ್ತನೆಯನ್ನು ಕಿರುಕುಳವೆಂದು ಪರಿಗಣಿಸಲಾಗುತ್ತದೆ.

1. ಉದ್ದೇಶ: ನೋಯಿಸಬೇಕೆಂಬ ಇಚ್ಛೆ, ಅಥವಾ ನೋವಾಗುತ್ತಿದೆ ಎಂದು ತಿಳಿದ ಮೇಲೂ ನಿಲ್ಲಿಸದಿರುವುದು.
2. ಪುನರಾವರ್ತನೆ: ಒಂದೇ ಮಗುವಿನ ಮೇಲೆ ಅದೇ ಬಗೆಯ ವರ್ತನೆ ಮತ್ತೆ ಮತ್ತೆ ನಡೆಯುವುದು.
3. ಬಲದ ಅಸಮತೋಲನ: ನೋವುಂಡ ಮಗು ಸಮಬಲದಿಂದ ಎದುರಿಸಲಾಗದ ಸ್ಥಿತಿಯಲ್ಲಿರುವುದು.

ಸಮವಯಸ್ಕರಾದ ಇಬ್ಬರು ಸ್ನೇಹಿತರು ಆಟದಲ್ಲಿ ಜಗಳವಾಡಿ, ಒಬ್ಬರಿಗೊಬ್ಬರು ಹೊಡೆದುಕೊಂಡು, ಮರುದಿನ ಒಟ್ಟಿಗೆ ಕುಳಿತು ಊಟ ಮಾಡಿದರೆ ಅದು ಜಗಳವೇ ಹೊರತು ಕಿರುಕುಳವಲ್ಲ. ಆದರೆ ನಾಲ್ಕು ಮಕ್ಕಳು ಸೇರಿ ಒಬ್ಬನ ಮಾತಿನ ಧಾಟಿಯನ್ನು ದಿನವೂ ಅಣಕಿಸಿ ನಗುತ್ತಿದ್ದರೆ, ಯಾರೂ ಕೈ ಎತ್ತದಿದ್ದರೂ ಅದು ಕಿರುಕುಳವೇ ಆಗುತ್ತದೆ. ತಮಾಷೆಯಲ್ಲಿ ಎರಡೂ ಕಡೆಯವರು ನಗುತ್ತಾರೆ. ಕಿರುಕುಳದಲ್ಲಿ ಒಂದು ಕಡೆಯವರು ಮಾತ್ರ ನಗುತ್ತಾರೆ. ಚಿಕ್ಕ ಮಕ್ಕಳಿಗೆ ಈ ವ್ಯತ್ಯಾಸವನ್ನು ತಿಳಿಸಲು ಇದು ಸರಳವಾದ ಅಳತೆಗೋಲು.

ಅಧ್ಯಯನದ ಹಿನ್ನೆಲೆ

ಈ ವಿಷಯದ ವ್ಯವಸ್ಥಿತ ಅಧ್ಯಯನ 1970ರ ದಶಕದಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ಆರಂಭವಾಯಿತು. ಸ್ವೀಡನ್ ಮೂಲದ ಮನೋವಿಜ್ಞಾನಿ ಡಾನ್ ಒಲ್ವೇಯಸ್ ಅವರ ಪುಸ್ತಕ 1973ರಲ್ಲಿ ಸ್ವೀಡಿಷ್ ಭಾಷೆಯಲ್ಲಿಯೂ 1978ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಮೇಲೆ ಹೇಳಿದ ಮೂರು ಲಕ್ಷಣಗಳ ವ್ಯಾಖ್ಯೆ ಬಹುಮಟ್ಟಿಗೆ ಅವರಿಂದ ಬಂದದ್ದು. 1982ರ ಕೊನೆಯಲ್ಲಿ ಉತ್ತರ ನಾರ್ವೆಯ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡಾಗ, ಸಹಪಾಠಿಗಳ ಕಿರುಕುಳವೇ ಅದಕ್ಕೆ ಕಾರಣವಿರಬಹುದೆಂಬ ಸಂಗತಿ ಆ ದೇಶವನ್ನು ಕಲಕಿತು. 1983ರಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರವ್ಯಾಪಿ ಅಭಿಯಾನವನ್ನು ಕೈಗೊಂಡಿತು. ಅದರ ಅಂಗವಾಗಿ ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಒಲ್ವೇಯಸ್ ಎರಡೂವರೆ ವರ್ಷ ಗಮನಿಸಿದರು. ಹಿರಿಯರು ಸ್ಪಷ್ಟ ನಿಯಮಗಳನ್ನು ಇಟ್ಟು, ಬಿಡುವಿನ ವೇಳೆಯಲ್ಲಿ ಗಮನವಿಟ್ಟು, ಪ್ರತಿ ಪ್ರಕರಣಕ್ಕೂ ಸ್ಪಂದಿಸಿದಾಗ ಕಿರುಕುಳ ಗಣನೀಯವಾಗಿ ಇಳಿಯುತ್ತದೆ ಎಂಬುದು ಆ ಅಧ್ಯಯನದ ಫಲಿತಾಂಶವಾಗಿತ್ತು.

1996ರಲ್ಲಿ ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು, ಕಿರುಕುಳವು ಇಬ್ಬರ ನಡುವಿನ ವಿಷಯವಲ್ಲ, ಇಡೀ ತರಗತಿಯ ವಿಷಯ ಎಂದು ತೋರಿಸಿದರು. ಅವರ ಪ್ರಕಾರ ಕಿರುಕುಳ ಕೊಡುವವರು ಮತ್ತು ಅನುಭವಿಸುವವರಲ್ಲದೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ನಿಂತು ನೋಡುವವರು ಮತ್ತು ಪರವಾಗಿ ನಿಲ್ಲುವವರು ಎಂಬ ಪಾತ್ರಗಳೂ ಇರುತ್ತವೆ. ಈ ತಿಳಿವಳಿಕೆಯ ಆಧಾರದಲ್ಲಿ ತುರ್ಕು ವಿಶ್ವವಿದ್ಯಾಲಯದಲ್ಲಿ ಕೀವಾ ಎಂಬ ಕಾರ್ಯಕ್ರಮ ರೂಪುಗೊಂಡು 2009ರಿಂದ ಫಿನ್ಲೆಂಡಿನ ಶಾಲೆಗಳಲ್ಲಿ ವ್ಯಾಪಕವಾಗಿ ಜಾರಿಗೆ ಬಂದಿತು. ಕೆನಡಾದ ಟೊರಾಂಟೊ ನಗರದ ಶಾಲಾ ಅಂಗಳಗಳಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಒಂದು ವೀಕ್ಷಣಾ ಅಧ್ಯಯನದಲ್ಲಿ, ಶೇ. 88ರಷ್ಟು ಘಟನೆಗಳಲ್ಲಿ ಬೇರೆ ಮಕ್ಕಳು ಸ್ಥಳದಲ್ಲಿದ್ದರೂ ಶೇ. 19ರಷ್ಟರಲ್ಲಿ ಮಾತ್ರ ಯಾರಾದರೂ ಮಧ್ಯೆ ಬಂದದ್ದು ಕಂಡುಬಂದಿತು. ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹತ್ತು ಸೆಕೆಂಡುಗಳೊಳಗೆ ಕಿರುಕುಳ ನಿಂತಿತ್ತು.

2019ರ ಯುನೆಸ್ಕೋ ವರದಿಯ ಪ್ರಕಾರ ಜಗತ್ತಿನ ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರು, ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳಿಂದ ಕಿರುಕುಳ ಅನುಭವಿಸಿದ್ದರು. 2020ರಿಂದ ನವೆಂಬರ್ ತಿಂಗಳ ಮೊದಲ ಗುರುವಾರವನ್ನು ಶಾಲಾ ಹಿಂಸೆ ಮತ್ತು ಕಿರುಕುಳದ ವಿರುದ್ಧದ ಅಂತರರಾಷ್ಟ್ರೀಯ ದಿನವಾಗಿ ಆಚರಿಸಲಾಗುತ್ತಿದೆ.

ಕಾಫಿ ಸೀಮೆಯ ಸನ್ನಿವೇಶ

ಕೊಯ್ಲಿನ ಕಾಲ ಮತ್ತು ಶಾಲಾ ವರ್ಷ

ಕರ್ನಾಟಕದ ಶಾಲಾ ವರ್ಷ ಜೂನ್ ತಿಂಗಳ ಹೊತ್ತಿಗೆ ಆರಂಭವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಅದರ ಬೆನ್ನಿಗೆ ಮಾರ್ಚ್‌ವರೆಗೂ ನಡೆಯುತ್ತದೆ. ಕೊಯ್ಲಿಗೆ ಉತ್ತರ ಕರ್ನಾಟಕ ಮತ್ತು ತಮಿಳುನಾಡಿನಿಂದ ಮೊದಲಿನಿಂದಲೂ, ಇತ್ತೀಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್ ಮುಂತಾದ ರಾಜ್ಯಗಳಿಂದಲೂ ಕಾರ್ಮಿಕರು ಬರುತ್ತಾರೆ. ಅವರೊಂದಿಗೆ ಬರುವ ಮಕ್ಕಳು ಶಾಲೆಗೆ ಸೇರಿದರೆ ಸೇರುವುದು ವರ್ಷದ ನಡುವೆ. ಆ ವೇಳೆಗೆ ತರಗತಿಯಲ್ಲಿ ಯಾರು ಯಾರ ಪಕ್ಕದಲ್ಲಿ ಕೂರಬೇಕು, ಯಾರು ಯಾವ ಗುಂಪಿನಲ್ಲಿ ಆಡಬೇಕು ಎಂಬುದೆಲ್ಲ ನಿಶ್ಚಯವಾಗಿ ಹೋಗಿರುತ್ತದೆ. ಸ್ನೇಹಿತರಿಲ್ಲದ ಮಗು ಕಿರುಕುಳಕ್ಕೆ ಸುಲಭವಾಗಿ ಸಿಗುತ್ತದೆ ಎಂಬುದು ಈ ಕ್ಷೇತ್ರದ ಅಧ್ಯಯನಗಳ ಸಾಮಾನ್ಯ ಅಭಿಪ್ರಾಯ. ಕೊಯ್ಲಿನ ಕಾಲದಲ್ಲಿ ಬಂದ ಮಗುವಿಗೆ ಸ್ನೇಹಿತರಾಗಲಿ, ಊರಿನ ಭಾಷೆಯಾಗಲಿ, ಊರಿನ ಪರಿಚಯವಾಗಲಿ ಇರುವುದಿಲ್ಲ.

ಇದೇ ತಿಂಗಳುಗಳಲ್ಲಿ ಸ್ಥಳೀಯ ಕಾರ್ಮಿಕರ ಮನೆಗಳಲ್ಲಿಯೂ ತಂದೆತಾಯಿಯರು ಬೆಳಿಗ್ಗೆ ಬೇಗನೆ ತೋಟಕ್ಕೆ ಹೋಗಿ, ಸಂಜೆ ಕೊಯ್ದ ಹಣ್ಣಿನ ತೂಕ ಮುಗಿದ ಮೇಲೆ ಮರಳುತ್ತಾರೆ. ಮಗುವಿನ ಮುಖ ನೋಡಿ ಏನಾಯಿತೆಂದು ಕೇಳುವ ಹೊತ್ತು ಕಡಿಮೆಯಾಗುವುದೂ ಆಗಲೇ.

ಲೈನ್ ಮನೆ ಮತ್ತು ಹಿರಿಯರ ಶ್ರೇಣಿ

ದೊಡ್ಡ ತೋಟಗಳಲ್ಲಿ ಕಾರ್ಮಿಕರು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ವಾಸಿಸುತ್ತಾರೆ. ಒಂದೇ ಶಾಲೆಯಲ್ಲಿ ಕೂಲಿ ಕಾರ್ಮಿಕರ, ಮೇಸ್ತ್ರಿಯ, ರೈಟರ, ಸಣ್ಣ ಬೆಳೆಗಾರರ ಮಕ್ಕಳು ಒಟ್ಟಿಗೆ ಓದುವುದುಂಟು. ತೋಟದಲ್ಲಿ ಹಿರಿಯರ ನಡುವೆ ಇರುವ ಮೇಲುಕೀಳು ಮಕ್ಕಳ ಆಟದಂಗಳಕ್ಕೂ ಇಳಿದು ಬರಬಹುದು. ಲೈನ್ ಮನೆಯವರು ಎಂಬ ಮಾತೇ ಅಡ್ಡಹೆಸರಾಗುವ ಸಾಧ್ಯತೆಯಿದೆ. ಕಿರುಕುಳ ಕೊಡುವ ಮಗುವಿನ ತಂದೆಯ ಕೈಕೆಳಗೆ ತಾನು ದುಡಿಯುತ್ತಿದ್ದರೆ, ಕೆಲಸಕ್ಕೆ ತೊಂದರೆಯಾದೀತೆಂಬ ಅಂಜಿಕೆಯಿಂದ ಪಾಲಕರು ಶಾಲೆಗೆ ದೂರು ಕೊಡಲು ಹಿಂಜರಿಯುತ್ತಾರೆ. ಬಲದ ಅಸಮತೋಲನ ಎಂಬ ಲಕ್ಷಣವನ್ನು ಇಲ್ಲಿ ಮಕ್ಕಳ ಮೈಕಟ್ಟಿನಲ್ಲಿ ಮಾತ್ರ ಹುಡುಕಿದರೆ ಸಾಲದು.

ಭಾಷೆ, ಜಾತಿ ಮತ್ತು ಸಮುದಾಯ

ಈ ಭಾಗದ ಮನೆಗಳಲ್ಲಿ ಕನ್ನಡದ ಜೊತೆಗೆ ತುಳು, ಕೊಂಕಣಿ, ತಮಿಳು, ಮಲಯಾಳಂ, ಬ್ಯಾರಿ, ಉರ್ದು ಮುಂತಾದ ಭಾಷೆಗಳನ್ನು ಆಡುತ್ತಾರೆ. ಹಸಲರು, ಮಲೆಕುಡಿಯರು ಮುಂತಾದ ಪರಿಶಿಷ್ಟ ಪಂಗಡಗಳ ಮಕ್ಕಳೂ ಈ ಶಾಲೆಗಳಲ್ಲಿ ಓದುತ್ತಾರೆ. ಕನ್ನಡದ ಉಚ್ಚಾರ, ಬುತ್ತಿಯಲ್ಲಿನ ಆಹಾರ, ಮೈಬಣ್ಣ, ಉಡುಪು, ಮನೆಯ ಸ್ಥಿತಿ ಮುಂತಾದವು ಗೇಲಿಯ ನೆಪಗಳಾಗುತ್ತವೆ. ಜಾತಿಯ ಹೆಸರನ್ನು ಹಿಡಿದು ನಿಂದಿಸುವುದು, ಬಿಸಿಯೂಟದಲ್ಲಿ ಪಕ್ಕ ಕೂರಲು ನಿರಾಕರಿಸುವುದು ಮಕ್ಕಳ ಚೇಷ್ಟೆಯೆಂದು ತಳ್ಳಿಹಾಕುವಂಥದ್ದಲ್ಲ, ಅದು ತಾರತಮ್ಯ.

ದಾರಿ, ಮಳೆ ಮತ್ತು ಆನೆ

ಮಲೆನಾಡಿನ ಮನೆಗಳು ಒಂದರಿಂದ ಒಂದು ದೂರ. ಮಕ್ಕಳು ತೋಟದ ದಾರಿ, ಗದ್ದೆಯ ಬದು, ಹಳ್ಳದ ಕಾಲುಸಂಕಗಳನ್ನು ದಾಟಿ ಶಾಲೆಗೋ ಬಸ್ ನಿಲ್ದಾಣಕ್ಕೋ ನಡೆಯುತ್ತಾರೆ. ಶಿಕ್ಷಕರ ಕಣ್ಣಿಗೆ ಬೀಳದ ಈ ದಾರಿಯೇ ಕಿರುಕುಳಕ್ಕೆ ಅವಕಾಶವಿರುವ ಸ್ಥಳ. ಜುಲೈ, ಆಗಸ್ಟ್ ತಿಂಗಳ ಬಿರುಮಳೆಯಲ್ಲಿ ಒಬ್ಬನ ಕೊಡೆ ಕಸಿದುಕೊಂಡರೆ ಆ ಮಗು ಸಂಜೆಯವರೆಗೂ ಒದ್ದೆ ಬಟ್ಟೆಯಲ್ಲಿ ಕೂರಬೇಕಾಗುತ್ತದೆ. ಮೂಡಿಗೆರೆ ಮತ್ತು ಚಿಕ್ಕಮಗಳೂರು ತಾಲ್ಲೂಕುಗಳ ಹಲವೆಡೆ ಕಾಡಾನೆಗಳ ಸಂಚಾರವಿರುವುದರಿಂದ ಮಕ್ಕಳು ಗುಂಪಾಗಿ ನಡೆಯುವುದು ವಾಡಿಕೆ. ಇಂಥಲ್ಲಿ ಒಂದು ಮಗುವನ್ನು ಗುಂಪಿಗೆ ಸೇರಿಸದೆ ಬಿಟ್ಟುಹೋಗುವುದು ಮನಸ್ಸಿಗೆ ನೋವು ಮಾಡುವುದಷ್ಟೇ ಅಲ್ಲ, ಆ ಮಗುವಿನ ಪ್ರಾಣವನ್ನೂ ಅಪಾಯಕ್ಕೆ ಒಡ್ಡುತ್ತದೆ.

ಸಣ್ಣ ಶಾಲೆ ಮತ್ತು ವಿದ್ಯಾರ್ಥಿನಿಲಯ

ಒಳಹಳ್ಳಿಗಳ ಅನೇಕ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಬಹಳ ಕಡಿಮೆ. ದೊಡ್ಡ ಶಾಲೆಯಲ್ಲಿ ಒಂದು ಗುಂಪು ಹೊರಗಿಟ್ಟರೆ ಇನ್ನೊಂದು ಗುಂಪು ಸಿಗಬಹುದು. ಹದಿನೈದು ಮಕ್ಕಳ ಶಾಲೆಯಲ್ಲಿ ಹೊರಗಿಟ್ಟರೆ ಬೇರೆ ಗುಂಪೇ ಇರುವುದಿಲ್ಲ. ಪ್ರಾಥಮಿಕ ಶಿಕ್ಷಣ ಮುಗಿಸಿದ ಮಕ್ಕಳು ಬಣಕಲ್, ಗೋಣಿಬೀಡು, ಆಲ್ದೂರು, ಕಳಸದಂತಹ ದೊಡ್ಡ ಊರುಗಳ ಪ್ರೌಢಶಾಲೆಗೆ ಹೋಗುವಾಗ ಚಿಕ್ಕ ಶಾಲೆಯ ಆಸರೆ ತಪ್ಪಿ ಹೊಸಬರಾಗುತ್ತಾರೆ. ವಸತಿ ಶಾಲೆ ಮತ್ತು ಹಾಸ್ಟೆಲ್‌ಗಳಲ್ಲಿರುವ ಮಕ್ಕಳಿಗೆ ಸಂಜೆ ಮನೆಗೆ ಮರಳಿ ಚೇತರಿಸಿಕೊಳ್ಳುವ ಅವಕಾಶವೂ ಇಲ್ಲದಿರುವುದರಿಂದ ಅಲ್ಲಿ ರಾತ್ರಿಯ ಮೇಲ್ವಿಚಾರಣೆ ಮುಖ್ಯವಾಗುತ್ತದೆ.

ವಿಧಗಳು

- ದೈಹಿಕ ಕಿರುಕುಳ: ಹೊಡೆಯುವುದು, ತಳ್ಳುವುದು, ಕಾಲು ಅಡ್ಡ ಕೊಡುವುದು, ಪುಸ್ತಕ, ಕೊಡೆ, ಚಪ್ಪಲಿ, ಹಣ ಕಸಿಯುವುದು ಅಥವಾ ಬಚ್ಚಿಡುವುದು.
- ಮಾತಿನ ಕಿರುಕುಳ: ಅಡ್ಡಹೆಸರು, ಜಾತಿ ಅಥವಾ ಭಾಷೆಯ ನಿಂದೆ, ಅಂಗವೈಕಲ್ಯದ ಅಣಕ, ಬೆದರಿಕೆ.
- ಸಾಮಾಜಿಕ ಕಿರುಕುಳ: ಟೂ ಬಿಡಿಸುವುದು, ಆಟಕ್ಕೆ ಸೇರಿಸದಿರುವುದು, ಸುಳ್ಳು ಸುದ್ದಿ ಹಬ್ಬಿಸುವುದು. ಇದು ಹಿರಿಯರ ಕಣ್ಣಿಗೆ ಬೀಳುವುದು ಅತಿ ಕಡಿಮೆ.
- ಲೈಂಗಿಕ ಸ್ವರೂಪದ ಕಿರುಕುಳ: ಅಸಭ್ಯ ಮಾತು, ಸನ್ನೆ, ಬಟ್ಟೆ ಎಳೆಯುವುದು, ಮೈ ಮುಟ್ಟುವುದು. ಇದನ್ನು ಶಾಲೆಯೊಳಗೇ ಮುಚ್ಚಿಹಾಕಲು ಕಾನೂನಿನಲ್ಲಿ ಅವಕಾಶವಿಲ್ಲ.
- ಮೊಬೈಲ್ ಮೂಲಕ ಕಿರುಕುಳ: ವಾಟ್ಸಾಪ್ ಗುಂಪುಗಳಲ್ಲಿ ಅವಮಾನಿಸುವುದು, ಅನುಮತಿಯಿಲ್ಲದೆ ಚಿತ್ರ ತೆಗೆದು ಹಂಚುವುದು. ಮನೆಯ ಒಂದೇ ಫೋನನ್ನು ಎಲ್ಲರೂ ಬಳಸುವ ಕುಟುಂಬಗಳಲ್ಲಿ ಆ ಅವಮಾನ ಮನೆಮಂದಿಗೆಲ್ಲ ಕಾಣುವುದರಿಂದ ಮಗುವಿನ ಸಂಕೋಚ ಇಮ್ಮಡಿಯಾಗುತ್ತದೆ.

ಗುರುತಿಸುವಿಕೆ

ಕಿರುಕುಳ ಅನುಭವಿಸುತ್ತಿರುವ ಮಗು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ನಡವಳಿಕೆಯ ಬದಲಾವಣೆಯೇ ಮೊದಲ ಸುಳಿವು. ಈ ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡ ಮಾತ್ರಕ್ಕೆ ಕಿರುಕುಳವೆಂದು ತೀರ್ಮಾನಿಸಲಾಗದು. ಹಲವು ಒಟ್ಟಿಗೆ ಕಂಡರೆ, ಅಥವಾ ಬದಲಾವಣೆ ಹಠಾತ್ತಾಗಿದ್ದರೆ ವಿಚಾರಿಸಬೇಕು.

- ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ತಲೆನೋವು ಬರುವುದು. ರಜಾದಿನಗಳಲ್ಲಿ ಅದು ಇಲ್ಲದಿರುವುದು.
- ಹತ್ತಿರದ ದಾರಿ ಬಿಟ್ಟು ಸುತ್ತುದಾರಿ ಹಿಡಿಯುವುದು, ಬಸ್ ಬೇಕೆಂದೇ ತಪ್ಪಿಸುವುದು, ಗುಂಪಿಗಿಂತ ಮೊದಲು ಅಥವಾ ಕೊನೆಗೆ ಹೊರಡುವುದು.
- ಪೆನ್ನು, ಪುಸ್ತಕ, ಕೊಡೆ ಪದೇ ಪದೇ ಕಳೆದುಹೋಯಿತೆನ್ನುವುದು. ಹರಿದ ಬಟ್ಟೆ, ಗೀರು ಗಾಯಗಳಿಗೆ ಸರಿಯಾದ ಕಾರಣ ಹೇಳದಿರುವುದು.
- ಹಸಿದು ಮನೆಗೆ ಬರುವುದು. ಶಾಲೆಯಲ್ಲಿ ಶೌಚಾಲಯಕ್ಕೆ ಹೋಗದೆ ತಡೆದುಕೊಳ್ಳುವುದು.
- ನಿದ್ದೆಯಲ್ಲಿ ಬೆಚ್ಚುವುದು, ಹಾಸಿಗೆ ಒದ್ದೆ ಮಾಡುವುದು, ತಮ್ಮ ತಂಗಿಯರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು.
- ಓದಿನಲ್ಲಿ ಆಸಕ್ತಿ ಇಳಿಯುವುದು, ಮೊದಲು ಕೈ ಎತ್ತುತ್ತಿದ್ದ ಮಗು ಉತ್ತರಿಸಲು ಹೆದರುವುದು.
- ಮನೆಯಲ್ಲಾಡುವ ಭಾಷೆಯನ್ನು ಹೊರಗೆ ಆಡಲು ನಾಚುವುದು, ಪಾಲಕರು ಶಾಲೆಗೆ ಬರುವುದು ಬೇಡವೆನ್ನುವುದು.

ತರಗತಿಯಲ್ಲಿ ಶಿಕ್ಷಕರು ಗಮನಿಸಬಹುದಾದ ಸುಳಿವುಗಳೂ ಇವೆ. ಒಂದು ಮಗು ಉತ್ತರ ಹೇಳಲು ಎದ್ದಾಗ ಮುಸಿಮುಸಿ ನಗು ಕೇಳುವುದು, ಗುಂಪು ಮಾಡುವಾಗ ಯಾವಾಗಲೂ ಅದೇ ಮಗು ಉಳಿದುಹೋಗುವುದು, ಬಿಸಿಯೂಟದ ಸಾಲಿನಲ್ಲಿ ಅದರ ಪಕ್ಕದ ಜಾಗ ಖಾಲಿಯಿರುವುದು ಇತ್ಯಾದಿ. ಶಾಲೆಗೆ ಬರುವುದನ್ನೇ ನಿಲ್ಲಿಸಿದ ಕಾರ್ಮಿಕರ ಮಗು ಬೇರೆ ತೋಟಕ್ಕೆ ಹೋಗಿರಬಹುದು ಎಂದು ಊಹಿಸುವುದು ಈ ಭಾಗದಲ್ಲಿ ಸುಲಭ. ಆದ್ದರಿಂದ ಅಂತಹ ಮಗುವಿನ ಮನೆಯವರು ನಿಜವಾಗಿ ಊರು ಬಿಟ್ಟಿದ್ದಾರೆಯೇ ಎಂದು ವಿಚಾರಿಸಿದರೆ ಕಿರುಕುಳದಿಂದ ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಲು ಸಾಧ್ಯವಾಗುತ್ತದೆ.

ಮಕ್ಕಳು ಹೇಳದಿರಲು ಕಾರಣಗಳು

ಚಾಡಿ ಹೇಳುವವನೆಂಬ ಹೆಸರು ಬರುವ ಭಯ ಇದರಲ್ಲಿ ಮುಖ್ಯವಾದುದು. ಹೇಳಿದರೆ ಕಾಟ ಇನ್ನೂ ಹೆಚ್ಚೀತು, ಹಿರಿಯರು ನಂಬಲಾರರು, ತನ್ನದೇ ತಪ್ಪು ಎಂದಾರು, ಶಾಲೆ ಬಿಡಿಸಿ ಕೆಲಸಕ್ಕೆ ಕಳಿಸಿಯಾರು ಎಂಬ ಅಂಜಿಕೆಗಳೂ ಇರುತ್ತವೆ. ಹಿಂದೊಮ್ಮೆ ಹೇಳಿಕೊಂಡಾಗ, ನೀನೂ ತಿರುಗಿ ಹೊಡೆ ಎಂದೋ, ಇಷ್ಟಕ್ಕೆಲ್ಲ ಅಳುತ್ತಾರೆಯೇ ಎಂದೋ ಉತ್ತರ ಸಿಕ್ಕಿದ್ದರೆ ಮಗು ಎರಡನೆಯ ಬಾರಿ ಹೇಳುವುದಿಲ್ಲ. ಹೀಗಾಗಿ ಮೊದಲ ಬಾರಿ ಹೇಳಿದಾಗ ಕೇಳಿಸಿಕೊಳ್ಳುವ ರೀತಿಯೇ ಮುಂದಿನದನ್ನು ನಿರ್ಧರಿಸುತ್ತದೆ.

ಚಾಡಿಗೂ ದೂರಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಕಲಿಸಬಹುದು. ಇನ್ನೊಬ್ಬರನ್ನು ಪೆಟ್ಟಿಗೆ ಸಿಕ್ಕಿಸಲು ಹೇಳುವುದು ಚಾಡಿ. ತನ್ನನ್ನಾಗಲಿ ಇನ್ನೊಬ್ಬರನ್ನಾಗಲಿ ತೊಂದರೆಯಿಂದ ಬಿಡಿಸಲು ಹೇಳುವುದು ದೂರು.

ಪ್ರತಿಕ್ರಿಯೆ

ಕಿರುಕುಳ ಅನುಭವಿಸುವ ಮಗು

ಆ ಕ್ಷಣದಲ್ಲಿ ಸುರಕ್ಷಿತವಾಗುವುದೇ ಮೊದಲ ಗುರಿ. ಸಾಧ್ಯವಾದರೆ ನೇರವಾಗಿ ನೋಡಿ, ಇದು ನನಗೆ ಇಷ್ಟವಿಲ್ಲ, ನಿಲ್ಲಿಸು ಎಂದು ಚುಟುಕಾಗಿ ಹೇಳಿ ಜನರಿರುವ ಕಡೆಗೆ ನಡೆಯುವುದು ಉತ್ತಮ. ಎದುರಿನವರು ಹಲವರಿದ್ದಾಗ ಮಾತಿಗೆ ನಿಲ್ಲದೆ ಹೊರಟುಬಿಡುವುದು ಹೇಡಿತನವಲ್ಲ. ತಿರುಗಿ ಹೊಡೆದರೆ ಬಲದ ಅಸಮತೋಲನದಿಂದ ಗಾಯ ಹೆಚ್ಚಾಗುವ ಸಂಭವವಿದೆ. ತಪ್ಪಿತಸ್ಥನೆಂಬ ಹೆಸರೂ ಬರಬಹುದು. ಬಳಿಕ ನಂಬಿಕೆಯ ಹಿರಿಯರೊಬ್ಬರಿಗೆ, ಅದು ತಾಯಿ, ಅಜ್ಜಿ, ಶಿಕ್ಷಕಿ, ಬಿಸಿಯೂಟದ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆ ಯಾರೇ ಆಗಿರಲಿ, ನಡೆದುದನ್ನು ಹೇಳಬೇಕು. ಮೊದಲನೆಯವರು ಕೇಳಿಸಿಕೊಳ್ಳದಿದ್ದರೆ ಎರಡನೆಯವರಿಗೆ ಹೇಳಬೇಕು. ದಿನಾಂಕ, ಸ್ಥಳ, ಯಾರಿದ್ದರು ಎಂಬುದನ್ನು ಬರೆದಿಡುವುದು ಮತ್ತು ಮೊಬೈಲ್ ಸಂದೇಶಗಳನ್ನು ಅಳಿಸದೆ ಇಡುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

ನೋಡುವ ಮಕ್ಕಳು

ನಗದಿರುವುದು ಮತ್ತು ವಿಡಿಯೊ ತೆಗೆಯದಿರುವುದು ಎಲ್ಲರಿಂದಲೂ ಆಗುವ ಕೆಲಸ. ಇದಕ್ಕಿಂತ ಒಂದು ಹೆಜ್ಜೆ ಮುಂದೆ, ಕಿರುಕುಳ ಅನುಭವಿಸಿದ ಮಗುವನ್ನು ನಮ್ಮ ಜೊತೆ ಬಾ ಎಂದು ಕರೆದುಕೊಂಡು ಹೋಗುವುದು, ಪಕ್ಕದಲ್ಲಿ ಕೂರುವುದು, ದಾರಿಯಲ್ಲಿ ಜೊತೆಗೆ ನಡೆಯುವುದು ಸಾಧ್ಯ. ಅಪಾಯವಿರುವಲ್ಲಿ ತಾವೇ ಮಧ್ಯೆ ಹೋಗದೆ ಹಿರಿಯರನ್ನು ಕರೆಯಬೇಕು. ಹೊಸದಾಗಿ ಬಂದ ಮಗುವಿಗೆ ಒಬ್ಬ ಸ್ನೇಹಿತ ಸಿಕ್ಕರೂ ಅದು ಒಂಟಿಯಾಗಿ ಉಳಿಯುವುದಿಲ್ಲ.

ಪಾಲಕರು

ಮಗು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಿ, ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ ಎಂದು ತಿಳಿಸುವುದು ಮೊದಲ ಹೆಜ್ಜೆ. ಕೊಯ್ಲಿನ ಕಾಲದಲ್ಲಿಯೂ ರಾತ್ರಿ ಊಟದ ಹೊತ್ತಿನಲ್ಲಿ, ಇವತ್ತು ಯಾರ ಜೊತೆ ಆಡಿದೆ, ಯಾರ ಪಕ್ಕ ಕೂತಿದ್ದೆ ಎಂದು ಕೇಳುವುದರಿಂದ ಅಂಕಗಳನ್ನು ಕುರಿತ ಪ್ರಶ್ನೆಗಿಂತ ಹೆಚ್ಚಿನ ವಿಷಯ ತಿಳಿಯುತ್ತದೆ. ಎದುರು ಮಗುವಿನ ಮನೆಗೆ ನೇರವಾಗಿ ಜಗಳಕ್ಕೆ ಹೋಗುವುದರಿಂದ ಮಕ್ಕಳ ವಿಷಯ ಹಿರಿಯರ ಹಗೆಯಾಗಿ ಮಾರ್ಪಡುತ್ತದೆ; ತರಗತಿ ಶಿಕ್ಷಕರು ಅಥವಾ ಮುಖ್ಯೋಪಾಧ್ಯಾಯರ ಮೂಲಕ ಹೋಗುವುದು ಸೂಕ್ತ. ಕೆಲಸದ ಅಂಜಿಕೆಯಿರುವ ಪಾಲಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರ ಅಥವಾ ಆಶಾ ಕಾರ್ಯಕರ್ತೆಯ ನೆರವಿನಿಂದ ವಿಷಯವನ್ನು ತಿಳಿಸಬಹುದು.

ಶಿಕ್ಷಕರು ಮತ್ತು ಶಾಲೆ

ಕಂಡ ಕೂಡಲೇ ನಿಲ್ಲಿಸುವುದು, ಬಳಿಕ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸುವುದು ಸರಿಯಾದ ಕ್ರಮ. ಎಲ್ಲರೆದುರು ಇಬ್ಬರನ್ನೂ ನಿಲ್ಲಿಸಿ, ಕೈ ಕುಲುಕಿಸಿ, ರಾಜಿ ಮಾಡಿಸುವುದು ಜಗಳಕ್ಕೆ ಹೊಂದುತ್ತದೆ, ಕಿರುಕುಳಕ್ಕೆ ಹೊಂದುವುದಿಲ್ಲ. ಬಲಹೀನ ಮಗು ಅಂಜಿಕೆಯಿಂದ ಒಪ್ಪಿಕೊಳ್ಳುತ್ತದೆ, ಮರುದಿನ ಕಾಟ ಮುಂದುವರಿಯುತ್ತದೆ. ಒಂದು ವಾರ ಮತ್ತು ಒಂದು ತಿಂಗಳ ನಂತರ ಮಗುವನ್ನು ಮತ್ತೆ ವಿಚಾರಿಸುವುದು ಅಗತ್ಯ.

ಶಾಲೆಯು ಮುಂಜಾಗ್ರತೆಯಾಗಿ ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ:

- ಮಕ್ಕಳಿಂದಲೇ ಶಾಲೆಯ ನಕ್ಷೆ ಬರೆಸಿ, ಎಲ್ಲೆಲ್ಲಿ ಹೆದರಿಕೆಯಾಗುತ್ತದೆ ಎಂದು ಗುರುತು ಹಾಕಿಸುವುದು. ಶೌಚಾಲಯದ ಹಿಂಭಾಗ, ಬಸ್ ನಿಲ್ದಾಣ, ತೋಟದ ತಿರುವು ಮುಂತಾದ ಸ್ಥಳಗಳು ಇದರಿಂದ ತಿಳಿಯುತ್ತವೆ.
- ಒಂದೇ ದಾರಿಯಲ್ಲಿ ಹೋಗುವ ಮಕ್ಕಳ ಪಟ್ಟಿ ಮಾಡಿ, ಯಾರನ್ನೂ ಬಿಡದಂತೆ ನಡಿಗೆಯ ಗುಂಪುಗಳನ್ನು ರಚಿಸುವುದು. ಹಿರಿಯ ತರಗತಿಯ ಮಕ್ಕಳಿಗೆ ಜವಾಬ್ದಾರಿ ವಹಿಸುವುದು.
- ವರ್ಷದ ನಡುವೆ ಸೇರಿದ ಮಗುವಿಗೆ ಮೊದಲ ದಿನವೇ ಇಬ್ಬರು ಜೊತೆಗಾರರನ್ನು ಗೊತ್ತುಮಾಡುವುದು. ಅದರ ಹೆಸರನ್ನು ಸರಿಯಾಗಿ ಉಚ್ಚರಿಸಲು ತರಗತಿಗೆ ಕಲಿಸುವುದು.
- ಆಟದ ತಂಡ, ಊಟದ ಸಾಲುಗಳನ್ನು ಮಕ್ಕಳ ಆಯ್ಕೆಗೇ ಪೂರ್ತಿ ಬಿಡದೆ ಆಗಾಗ ಬದಲಿಸುವುದು.
- ದೂರು ಪೆಟ್ಟಿಗೆ ಇಟ್ಟು, ಅದನ್ನು ನಿಗದಿತ ದಿನ ತೆರೆದು, ಕೈಗೊಂಡ ಕ್ರಮವನ್ನು ಹೆಸರು ಹೇಳದೆ ತಿಳಿಸುವುದು.

ಶಿಕ್ಷಕರೇ ಒಂದು ಮಗುವನ್ನು ಅಡ್ಡಹೆಸರಿನಿಂದ ಕರೆದರೆ, ಅದನ್ನು ಗೇಲಿ ಮಾಡಲು ಉಳಿದ ಮಕ್ಕಳಿಗೆ ಪರವಾನಗಿ ಕೊಟ್ಟಂತಾಗುತ್ತದೆ.

ಕಿರುಕುಳ ಕೊಡುವ ಮಗು

ಕಾಟ ಕೊಡುವ ಮಗುವೂ ಮಗುವೇ. ಮನೆಯಲ್ಲಿನ ಹೊಡೆತ, ಕುಡಿತದ ಹಿಂಸೆ, ಗುಂಪಿನಲ್ಲಿ ಸ್ಥಾನ ಗಳಿಸುವ ಆಸೆ, ತಾನೇ ಹಿಂದೆ ಅನುಭವಿಸಿದ ಅವಮಾನ ಇದಕ್ಕೆ ಕಾರಣವಾಗಿರಬಹುದು. ಕೋಲಿನಿಂದ ಹೊಡೆದು ಸರಿಪಡಿಸಲು ಹೊರಟರೆ, ಬಲವಿದ್ದವರು ಹೊಡೆಯಬಹುದು ಎಂಬ ಪಾಠವನ್ನೇ ಮತ್ತೆ ಕಲಿಸಿದಂತಾಗುತ್ತದೆ. ಮಾಡಿದ್ದನ್ನು ಒಪ್ಪಿಕೊಳ್ಳುವಂತೆ, ಕಸಿದದ್ದನ್ನು ಮರಳಿಸುವಂತೆ, ಹಾನಿಯನ್ನು ತುಂಬಿಕೊಡುವಂತೆ ಮಾಡುವುದು ಮತ್ತು ಪಾಲಕರೊಂದಿಗೆ ಮಾತನಾಡುವುದು ಹೆಚ್ಚು ಫಲಕಾರಿ. ಮಗುವಿಗೆ ಪುಂಡ ಎಂಬ ಹಣೆಪಟ್ಟಿ ಹಚ್ಚದೆ, ಅದರ ವರ್ತನೆಯನ್ನು ಮಾತ್ರ ತಪ್ಪೆಂದು ಹೇಳಬೇಕೆಂಬುದು ಸಾಮಾನ್ಯ ಸಲಹೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಶಾಲಾ ಮಕ್ಕಳ ನಡುವಿನ ಕಿರುಕುಳಕ್ಕೆಂದೇ ಪ್ರತ್ಯೇಕ ಕೇಂದ್ರ ಕಾಯಿದೆಯಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ರ‍್ಯಾಗಿಂಗ್ ತಡೆ ನಿಯಮಗಳು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತವೆ. ಆದರೂ ಹಲವು ಕಾಯಿದೆಗಳು ಈ ವಿಷಯವನ್ನು ಸ್ಪರ್ಶಿಸುತ್ತವೆ.

- 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ರ‍್ಯಾಗಿಂಗ್ ಎಂಬುದನ್ನು ವ್ಯಾಖ್ಯಾನಿಸಿ ಅದನ್ನು ದಂಡನೀಯವಾಗಿಸಿದೆ. ತಮಾಷೆಯ ಹೆಸರಿನಲ್ಲಿ ಮಾಡಿದರೂ ವಿದ್ಯಾರ್ಥಿಯ ಘನತೆಗೆ ಕುಂದು ತರುವ ಕೃತ್ಯಗಳು ಈ ವ್ಯಾಖ್ಯೆಯಲ್ಲಿ ಸೇರುತ್ತವೆ.
- 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ನಿಷೇಧಿಸುತ್ತದೆ. ದುರ್ಬಲ ವರ್ಗಗಳ ಮಕ್ಕಳ ಮೇಲೆ ತಾರತಮ್ಯವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ಸ್ಥಳೀಯ ಪ್ರಾಧಿಕಾರದ ಹೊಣೆ ಎಂದು 8 ಮತ್ತು 9ನೆಯ ಸೆಕ್ಷನ್‌ಗಳು ಹೇಳುತ್ತವೆ. 15ನೆಯ ಸೆಕ್ಷನ್ ಪ್ರಕಾರ ವರ್ಷದ ನಡುವೆ ಬಂದ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ.
- 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ.
- 2015ರ ಬಾಲ ನ್ಯಾಯ ಕಾಯಿದೆಯ 75ನೆಯ ಸೆಕ್ಷನ್ ಮಗುವಿನ ಹೊಣೆ ಹೊತ್ತ ವಯಸ್ಕರ ಕ್ರೌರ್ಯ ಮತ್ತು ಉದ್ದೇಶಪೂರ್ವಕ ನಿರ್ಲಕ್ಷ್ಯವನ್ನು ಶಿಕ್ಷಾರ್ಹವಾಗಿಸುತ್ತದೆ. 18 ವರ್ಷದೊಳಗಿನ ಮಗು ಅಪರಾಧ ಎಸಗಿದರೆ ಅದರ ವಿಚಾರವನ್ನು ಬಾಲ ನ್ಯಾಯ ಮಂಡಳಿ ನೋಡಿಕೊಳ್ಳುತ್ತದೆ.
- ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2015ರಲ್ಲಿ ತನ್ನ ಶಾಲೆಗಳಿಗೆ ಕಿರುಕುಳ ತಡೆಯ ಮಾರ್ಗಸೂಚಿ ಹೊರಡಿಸಿತು. 2016ರ ಕರ್ನಾಟಕ ರಾಜ್ಯ ಮಕ್ಕಳ ರಕ್ಷಣಾ ನೀತಿಯು ಶಿಕ್ಷಣ ಸಂಸ್ಥೆಗಳಲ್ಲಿ ಮಕ್ಕಳ ಸುರಕ್ಷತೆಯ ಕ್ರಮಗಳನ್ನು ನಿರೂಪಿಸಿದೆ.

1951ರ ತೋಟ ಕಾರ್ಮಿಕರ ಕಾಯಿದೆಯು, 6ರಿಂದ 12 ವರ್ಷದ ಮಕ್ಕಳ ಸಂಖ್ಯೆ 25ನ್ನು ಮೀರಿದ ತೋಟಗಳಲ್ಲಿ ಮಾಲೀಕರು ಶಿಕ್ಷಣ ಸೌಲಭ್ಯ ಒದಗಿಸುವಂತೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ನೀಡಿತ್ತು. ಲೈನ್ ಮನೆಯ ಮಕ್ಕಳ ಕಲಿಕೆ ಕಾನೂನಿನ ಗಮನಕ್ಕೆ ಬಂದದ್ದು ಇತ್ತೀಚಿನ ಸಂಗತಿಯಲ್ಲ ಎಂಬುದನ್ನು ಇದು ತೋರಿಸುತ್ತದೆ.

ದೂರು ಮತ್ತು ನೆರವು

ಮೊದಲ ದೂರು ತರಗತಿ ಶಿಕ್ಷಕರಿಗೆ ಅಥವಾ ಮುಖ್ಯೋಪಾಧ್ಯಾಯರಿಗೆ ಸಲ್ಲುತ್ತದೆ. ಪರಿಹಾರ ಸಿಗದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಕ್ಷೇತ್ರ ಶಿಕ್ಷಣಾಧಿಕಾರಿ, ಜಿಲ್ಲಾ ಉಪನಿರ್ದೇಶಕರು ಎಂಬ ಕ್ರಮದಲ್ಲಿ ಲಿಖಿತವಾಗಿ ದೂರು ಕೊಡಬಹುದು. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ದಾರಿ, ಬಸ್, ಬೀದಿದೀಪಗಳಂತಹ ವಿಷಯಗಳನ್ನು ಮಕ್ಕಳೇ ಪ್ರಸ್ತಾಪಿಸಲು ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ ಮತ್ತು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಸಲ್ಲಿಸಬಹುದು. ಮೊಬೈಲ್ ಮೂಲಕ ಚಿತ್ರ ಹಂಚಿಕೆ, ಬೆದರಿಕೆಯಂತಹ ಪ್ರಕರಣಗಳನ್ನು ಜಿಲ್ಲೆಯ ಸೆನ್ ಪೊಲೀಸ್ ಠಾಣೆ ನೋಡಿಕೊಳ್ಳುತ್ತದೆ.

ಮಕ್ಕಳ ಸಹಾಯವಾಣಿ 1098 ದಿನದ ಎಲ್ಲ ಹೊತ್ತಿನಲ್ಲಿಯೂ ಉಚಿತವಾಗಿ ಲಭ್ಯವಿದ್ದು, ಮಗು ತಾನೇ ಕರೆ ಮಾಡಬಹುದು. ತುರ್ತು ಸಂದರ್ಭಕ್ಕೆ 112 ಸಂಖ್ಯೆಯಿದೆ. ಮಾನಸಿಕ ಆರೋಗ್ಯದ ಸಲಹೆಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಇದರಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಮಾತನಾಡಬಹುದು. ಬದುಕುವುದು ಬೇಡವೆಂಬ ಮಾತನ್ನು ಮಗು ಆಡಿದರೆ ಅದನ್ನು ಹಟ ಅಥವಾ ನಾಟಕವೆಂದು ಭಾವಿಸದೆ, ಒಂಟಿಯಾಗಿ ಬಿಡದೆ, ಅದೇ ದಿನ ವೈದ್ಯರ ಅಥವಾ ಈ ಸಹಾಯವಾಣಿಗಳ ನೆರವು ಪಡೆಯಬೇಕು.

ಪರಿಣಾಮಗಳು

ದೀರ್ಘಕಾಲದ ಕಿರುಕುಳವು ಆತಂಕ, ಖಿನ್ನತೆ, ಕಲಿಕೆಯಲ್ಲಿ ಹಿನ್ನಡೆ ಮತ್ತು ಗೈರುಹಾಜರಿಗೆ ಕಾರಣವಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ. ಇದರ ಪರಿಣಾಮ ಪ್ರೌಢಾವಸ್ಥೆಗೂ ಮುಂದುವರಿಯಬಲ್ಲದು. ಕಿರುಕುಳ ಕೊಟ್ಟವರಲ್ಲಿ ಮುಂದೆ ಹಿಂಸೆಯ ವರ್ತನೆ ಬೇರೂರುವ ಸಂಭವ ಹೆಚ್ಚು. ನೋಡುತ್ತ ಸುಮ್ಮನಿದ್ದ ಮಕ್ಕಳಲ್ಲಿಯೂ ಭಯ ಮತ್ತು ತಪ್ಪಿತಸ್ಥ ಭಾವ ಉಳಿಯುತ್ತದೆ. ಕಾಫಿ ಸೀಮೆಯ ಕಾರ್ಮಿಕ ಕುಟುಂಬಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಶಾಲೆ ಬೇಡವೆನ್ನುವ ಮಗುವಿಗೆ ತೋಟದ ಕೆಲಸ ಹತ್ತಿರದಲ್ಲಿಯೇ ಇರುತ್ತದೆ. ಹೀಗೆ ಶಾಲೆ ಬಿಟ್ಟ ಮಗುವಿನ ಬಗ್ಗೆ ಓದಿನಲ್ಲಿ ಮನಸ್ಸಿರಲಿಲ್ಲ ಎಂದು ಹೇಳುವ ಮೊದಲು, ಶಾಲೆಯಲ್ಲಿ ಅದರ ಪಕ್ಕದಲ್ಲಿ ಯಾರು ಕೂರುತ್ತಿದ್ದರು ಎಂದು ವಿಚಾರಿಸುವುದು ಅಗತ್ಯ.